ಟಿಬೆಟ್ ದೇಶವೂ ನಮ್ಮ ನಾಡಿಗೆ ಬಂದ ಅದರ ಮಕ್ಕಳೂ



ಈ ಸ್ಮರಣ ಸಂಚಿಕೆಗೆ ಭೂಗೋಳದ ಒಂದು ಪಾಠವನ್ನು ಬರೆಯಬೇಕೆಂದು ನಿಶ್ಚಯವಾದಾಗ ಟಿಬೆಟ್ ದೇಶದ ವಿಷಯವನ್ನು ಆರಿಸಿಕೊಂಡೆನು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಆ ದೇಶದ ಜನರು ಈಗ ನಮ್ಮ ರಾಜ್ಯದಲ್ಲಿಯೇ ನೆಲಸಿರುತ್ತಾರೆ. ಚಳಿಗಾಲದಲ್ಲಿ ಬೆಂಗಳೂರಿನ ಬೀದಿಗಳ ಬದಿಯಲ್ಲಿ ಉಣ್ಣೆಯ ಅಂಗಿಗಳನ್ನು ಹರಡಿಕೊಂಡು ಮಾರುವ ಟಿಬೆಟನ್ನರಿಂದ ಮಕ್ಕಳಿಗೆ ಸ್ವೆಟರು ಕೊಂಡವರು ನಿಮ್ಮಲ್ಲಿ ಅನೇಕರಿರಬಹುದು. ಆದರೆ ಅವರು ಎಂಥ ನೆಲವನ್ನು ಬಿಟ್ಟು, ಯಾವ ದಾರಿಯಿಂದ, ಯಾವ ಕಾರಣದಿಂದ ಇಲ್ಲಿಗೆ ಬಂದರೆಂಬುದನ್ನು ಬಲ್ಲವರು ಕಡಮೆ. ಎರಡನೆಯದಾಗಿ, ನೆಲದ ರೂಪವು ಒಂದು ಜನಾಂಗವನ್ನು ಎಷ್ಟು ದೂರ ಕಾಯಬಲ್ಲದು, ಎಲ್ಲಿ ಕೈಬಿಡುವುದು, ಕೈಬಿಟ್ಟ ಮೇಲೆ ಆ ಜನರಿಗೆ ಉಳಿಯುವುದೇನು ಎಂಬುದನ್ನು ಕಲಿಯಲು ಟಿಬೆಟಿಗಿಂತ ಸ್ಪಷ್ಟವಾದ ಉದಾಹರಣೆಯು ದೊರೆಯುವುದು ಕಷ್ಟ. ಭೂಪಟವನ್ನು ಮುಂದೆ ಹರಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಪಾಠವು ಸುಲಭವಾಗುವುದು.

1. ನೆಲದ ಲಕ್ಷಣ

ನಮ್ಮ ಚಿನ್ನದ ಗಣಿಗಳ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿದೆ. ನಂದಿಬೆಟ್ಟದ ನೆತ್ತಿಯು 4,851 ಅಡಿ. ಈ ನಂದಿಬೆಟ್ಟದ ಮೇಲೆ ಅಂಥದೇ ಇನ್ನೆರಡು ಬೆಟ್ಟಗಳನ್ನು ಪೇರಿಸಿ ಇಟ್ಟರೆ ಎಷ್ಟು ಎತ್ತರವಾಗುವುದೋ, ಹೆಚ್ಚು ಕಡಮೆ ಅಷ್ಟೇ ಎತ್ತರದಲ್ಲಿ ಟಿಬೆಟಿನ ಬಯಲು ಹರಡಿಕೊಂಡಿದೆ. ಶಿಖರಗಳ ಮಾತು ಹಾಗಿರಲಿ, ಜನರು ಕುರಿ ಮೇಯಿಸುವ ಹುಲ್ಲುಗಾವಲೇ ಆ ಎತ್ತರದಲ್ಲಿರುತ್ತದೆ. ಅದರ ರಾಜಧಾನಿಯಾದ ಲ್ಹಾಸಾ ನಗರವು ಒಂದು ತಗ್ಗಾದ ಕಣಿವೆಯಲ್ಲಿದ್ದರೂ ಸುಮಾರು 12,000 ಅಡಿ ಎತ್ತರದಲ್ಲಿದೆ. ಇಡೀ ಪ್ರಸ್ಥಭೂಮಿಯ ವಿಸ್ತೀರ್ಣವು ಸುಮಾರು 25 ಲಕ್ಷ ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳನ್ನು ಅದರೊಳಗೆ ಇಡಬಹುದು.

ಈ ಎತ್ತರದ ಬಯಲಿಗೆ ಪ್ರಕೃತಿಯೇ ಕೋಟೆ ಕಟ್ಟಿದೆ. ದಕ್ಷಿಣದಲ್ಲಿ ಹಿಮಾಲಯ, ಪಶ್ಚಿಮದಲ್ಲಿ ಕಾರಕೋರಂ, ಉತ್ತರದಲ್ಲಿ ಕುನ್‌ಲುನ್ ಪರ್ವತಗಳು; ಪೂರ್ವದಲ್ಲಿ ಆಳವಾದ ಕಂದರಗಳ ಸಾಲು. ನಮ್ಮ ಮುಂಗಾರಿನ ಮೋಡಗಳು ಹಿಮಾಲಯದ ದಕ್ಷಿಣದ ಮಗ್ಗುಲಿಗೆ ತಾಕಿ ಅಲ್ಲಿಯೇ ಮಳೆಗರೆದುಬಿಡುವುದರಿಂದ, ಆಚೆಗೆ ದಾಟುವ ನೀರು ಸ್ವಲ್ಪವೇ. ಆದುದರಿಂದ ಟಿಬೆಟಿನ ಬಹುಭಾಗವು ಒಣ ಸೀಮೆ. ಮಳೆಗೆ ಆಕಾಶ ನೋಡುವ ಕಷ್ಟವನ್ನು ಕೋಲಾರ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಿ ಬರದೊಡನೆ ಚಳಿಯೂ ಸೇರಿದೆ. ಭತ್ತವಾಗಲಿ ರಾಗಿಯಾಗಲಿ ಅಲ್ಲಿ ಬೆಳೆಯದು. ಕಣಿವೆಗಳಲ್ಲಿ ಜವೆಗೋದಿ ಬೆಳೆಯುವುದು. ಅದನ್ನು ಹುರಿದು, ಬೀಸಿ, ಬೆಣ್ಣೆ ಉಪ್ಪು ಬೆರಸಿದ ಚಹದಲ್ಲಿ ಕಲಸಿ ತಿನ್ನುತ್ತಾರೆ; ಇದಕ್ಕೆ ಅವರು ತ್ಸಂಪಾ ಎನ್ನುವರು. ನಮ್ಮ ಮನೆಗಳ ರಾಗಿಯ ಹುರಿಹಿಟ್ಟಿಗೆ ಇದು ಸೋದರ ಸಂಬಂಧಿ. ಎತ್ತರದ ಹುಲ್ಲುಗಾವಲಿನಲ್ಲಿ ಯಾಕ್ ಎಂಬ ಜೂಲು ಕೂದಲಿನ ದನವೇ ಅವರಿಗೆ ಸರ್ವಸ್ವ. ಹಾಲು, ಬೆಣ್ಣೆ, ಮಾಂಸ, ಡೇರೆಯ ಬಟ್ಟೆ, ಒಲೆಗೆ ಬೆರಣಿ, ಹೊರೆ ಹೊರುವ ಬೆನ್ನು, ಎಲ್ಲವೂ ಅದರಿಂದಲೇ. ಉಪ್ಪನ್ನೂ ಉಣ್ಣೆಯನ್ನೂ ಕಣಿವೆಗಳ ದಾರಿಯಿಂದ ಕೆಳಗೆ ತಂದು, ಧಾನ್ಯವನ್ನು ಕೊಂಡೊಯ್ಯುವುದು ಅವರ ಹಳೆಯ ವ್ಯಾಪಾರವಾಗಿತ್ತು.

2. ನದಿಗಳ ತವರು

ಒಣ ಸೀಮೆಯಾದರೂ ಏಷ್ಯಾ ಖಂಡದ ಅತಿ ದೊಡ್ಡ ನದಿಗಳು ಇಲ್ಲಿಯೇ ಹುಟ್ಟುವುವು. ಇದಕ್ಕೆ ಕಾರಣವು ಪರ್ವತಗಳ ಹಿಮ ಮತ್ತು ನೀರ್ಗಲ್ಲಿನ ರಾಶಿ. ಕೈಲಾಸ ಮಾನಸ ಸರೋವರಗಳ ಸುತ್ತಿನ ಪ್ರದೇಶದಿಂದ ಸಿಂಧೂ, ಸತ್ಲಜ್, ಬ್ರಹ್ಮಪುತ್ರಾ ನದಿಗಳು ಹೊರಡುತ್ತವೆ. ಬ್ರಹ್ಮಪುತ್ರೆಗೆ ಅಲ್ಲಿ ಯಾರ್ಲುಂಗ್ ತ್ಸಾಂಗ್ಪೋ ಎಂದು ಹೆಸರು. ಅದು ಹಿಮಾಲಯದ ಬೆನ್ನಿಗೆ ಸಮವಾಗಿ ಪೂರ್ವಕ್ಕೆ ಬಹುದೂರ ಹರಿದು, ತಟ್ಟನೆ ದಕ್ಷಿಣಕ್ಕೆ ತಿರುಗಿ, ಮಹಾಕಂದರವನ್ನು ಕೊರೆದುಕೊಂಡು ಅಸ್ಸಾಮಿಗೆ ಇಳಿಯುವುದು. ಚೀನದ ಯಾಂಗ್‌ಟ್ಸೀ ಮತ್ತು ಹಳದಿ ನದಿಗಳು, ಆಗ್ನೇಯ ಏಷ್ಯಾದ ಮೆಕಾಂಗ್ ಮತ್ತು ಸಾಲ್ವಿನ್ ನದಿಗಳು ಕೂಡ ಈ ಪ್ರಸ್ಥಭೂಮಿಯ ಮಕ್ಕಳೇ.

ನಮ್ಮ ಬೇತಮಂಗಲದ ಕೆರೆಯು ಪಾಲಾರಿನ ನೀರನ್ನು ಹಿಡಿದು ನಿಲ್ಲಿಸಿದುದರಿಂದಲೇ ಗಣಿಗಳ ಕಾಲದಲ್ಲಿ ಚಿನ್ನದ ಗಣಿಗಳ ಊರಿಗೆ ಕುಡಿಯುವ ನೀರು ದೊರೆಯಿತೆಂಬುದನ್ನು ನೀವು ಬಲ್ಲಿರಿ. ಮೇಲಿನ ಊರಿನವರು ನೀರನ್ನು ಏನು ಮಾಡುವರೆಂಬ ಚಿಂತೆಯು ಕೆಳಗಿನ ಊರಿನವರಿಗೆ ಯಾವಾಗಲೂ ಇರುವುದು. ಅದೇ ಚಿಂತೆಯನ್ನು ಕೋಟ್ಯಂತರ ಜನರ ಪ್ರಮಾಣಕ್ಕೆ ಹಿಗ್ಗಿಸಿ ನೋಡಿದರೆ, ಟಿಬೆಟಿನ ಆಡಳಿತವು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯು ದೂರದ ದೇಶಗಳಿಗೂ ಏಕೆ ಸಂಬಂಧಪಡುವುದೆಂದು ತಿಳಿಯುವುದು.

3. ಆ ದೇಶವನ್ನು ಅಳೆದ ಉಪಾಧ್ಯಾಯ

ಹತ್ತೊಂಬತ್ತನೆಯ ಶತಮಾನದಲ್ಲಿ ಟಿಬೆಟು ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿತ್ತು. ಇತ್ತ ಹಿಂದೂಸ್ಥಾನದ ಮಹಾ ತ್ರಿಕೋನ ಮಾಪನ ಕಾರ್ಯವು, ಲ್ಯಾಂಬ್ಟನ್ ಎಂಬವರ ನೇತೃತ್ವದಲ್ಲಿ ಮದರಾಸಿನ ಬಳಿಯಲ್ಲಿಯೂ ಬೆಂಗಳೂರಿನ ಬಳಿಯಲ್ಲಿಯೂ ಎಳೆದ ಆಧಾರರೇಖೆಗಳಿಂದ ಮೊದಲಾಗಿ, ಉತ್ತರಕ್ಕೆ ಹಿಮಾಲಯದವರೆಗೆ ತಲಪಿತ್ತು. ಅದರಾಚೆಗೆ ಅಳೆಯುವುದು ಹೇಗೆ? ಕುಮಾವೂನ್ ಸೀಮೆಯ ಮಿಲಂ ಗ್ರಾಮದ ನೈನ್ ಸಿಂಗ್ ಎಂಬ ಶಾಲೆಯ ಉಪಾಧ್ಯಾಯನು ಈ ಕೆಲಸಕ್ಕೆ ಮುಂದೆ ಬಂದನು. ಒಂದೇ ಅಳತೆಯ ಹೆಜ್ಜೆ ಹಾಕುವುದನ್ನು ಅಭ್ಯಾಸಮಾಡಿ, ಯಾತ್ರಿಕನಂತೆ ಕೈಯಲ್ಲಿ ಜಪಮಾಲೆ ಹಿಡಿದು ಹೊರಟನು. ಜಪಮಾಲೆಯಲ್ಲಿ ವಾಡಿಕೆಯ 108 ಮಣಿಗಳಿಗೆ ಬದಲಾಗಿ 100 ಮಣಿಗಳೇ ಇದ್ದುವು. ನೂರು ಹೆಜ್ಜೆಗೆ ಒಂದು ಮಣಿಯಂತೆ ಎಣಿಸುತ್ತ, ಲೆಕ್ಕವನ್ನು ಪ್ರಾರ್ಥನಾಚಕ್ರದೊಳಗೆ ಬಚ್ಚಿಡುತ್ತ, 1866ರಲ್ಲಿ ಲ್ಹಾಸಾವನ್ನು ಮುಟ್ಟಿ, ಆ ನಗರದ ಸ್ಥಾನವನ್ನೂ ಎತ್ತರವನ್ನೂ ಮೊದಲ ಬಾರಿಗೆ ಲೋಕಕ್ಕೆ ತಿಳಿಸಿದನು.

1867ರಲ್ಲಿ ಮತ್ತೆ ಹೋದಾಗ ಅವನು ಪಶ್ಚಿಮ ಟಿಬೆಟಿನ ಥೋಕ್ ಜಲುಂಗ್ ಎಂಬ ಚಿನ್ನದ ಗಣಿಯನ್ನು ಕಂಡನು. ನಮ್ಮ ಚಾಂಪಿಯನ್ ರೀಫ್ ಗಣಿಯು ನೆಲದೊಳಗೆ 10,000 ಅಡಿಗಿಂತ ಹೆಚ್ಚು ಆಳಕ್ಕೆ ಇಳಿದುದಾದರೆ, ಆ ಗಣಿಯು ಸಮುದ್ರಮಟ್ಟದಿಂದ 16,000 ಅಡಿಗಿಂತಲೂ ಎತ್ತರದಲ್ಲಿತ್ತು. ಬಯಲಿನಲ್ಲಿ ಉದ್ದನೆಯ ಹಳ್ಳವನ್ನು ತೋಡಿ, ಮಣ್ಣನ್ನು ನೀರಿನಲ್ಲಿ ತೊಳೆದು ಚಿನ್ನವನ್ನು ಆರಿಸುತ್ತಿದ್ದರು. ಆಶ್ಚರ್ಯವೇನೆಂದರೆ, ಅಗೆಯುವವರು ಬೇಸಗೆಗಿಂತ ಚಳಿಗಾಲವನ್ನೇ ಮೆಚ್ಚುತ್ತಿದ್ದರು. ಹೆಪ್ಪುಗಟ್ಟಿದ ಮಣ್ಣು ಕುಸಿದು ಮೈಮೇಲೆ ಬೀಳುವುದಿಲ್ಲವಷ್ಟೆ. ಗಣಿಯ ಗೋಡೆ ಕುಸಿಯುವುದೆಂದರೇನೆಂದು ಅರಿತ ಮನೆತನಗಳಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

4. ಅಕ್ಷರ ಮತ್ತು ವಿದ್ಯೆ

ಏಳನೆಯ ಶತಮಾನದಲ್ಲಿ ಸೋಂಗ್‌ತ್ಸೆನ್ ಗಂಪೋ ಎಂಬ ಅರಸನು ಟಿಬೆಟನ್ನು ಒಂದು ಪ್ರಬಲ ರಾಜ್ಯವಾಗಿ ಮಾಡಿದನು. ಅವನ ಮಂತ್ರಿಯಾದ ಥೊನ್ಮಿ ಸಂಭೋಟನು ಹಿಂದೂಸ್ಥಾನಕ್ಕೆ ಬಂದು ಕಲಿತು, ಇಲ್ಲಿನ ಲಿಪಿಯ ಮಾದರಿಯಲ್ಲಿ ಟಿಬೆಟನ್ ಲಿಪಿಯನ್ನು ರಚಿಸಿದನೆಂದು ಅವರ ಪರಂಪರೆ ಹೇಳುವುದು. ನಮ್ಮ ಕನ್ನಡ ಲಿಪಿಯೂ ಅವರ ಲಿಪಿಯೂ ಬ್ರಾಹ್ಮೀ ಎಂಬ ಒಂದೇ ಮೂಲದಿಂದ ಬಂದುವು. ಟಿಬೆಟನ್ ಮಗುವು ಅಕ್ಷರಾಭ್ಯಾಸ ಮಾಡುವಾಗ ಕ, ಖ, ಗ, ಙ ಎಂದೇ ಆರಂಭಿಸುವುದು. ನಮ್ಮ ವರ್ಗಗಳಲ್ಲಿ ಐದೈದು ಅಕ್ಷರಗಳಿದ್ದರೆ ಅವರಲ್ಲಿ ಘಕಾರ ಭಕಾರಗಳಂಥವು ಇಲ್ಲದುದರಿಂದ ನಾಲ್ಕು ನಾಲ್ಕೇ ಇರುತ್ತವೆ. ಹಿಂದೂಸ್ಥಾನದಲ್ಲಿ ಮೂಲವೇ ಕಳೆದುಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಟಿಬೆಟನ್ ಭಾಷಾಂತರದಲ್ಲಿ ಉಳಿದುಕೊಂಡಿವೆ.

ಮುಂದೆ ಬೌದ್ಧ ಮಠಗಳು ಆ ದೇಶದ ವಿದ್ಯಾಪೀಠಗಳಾದುವು. ಲ್ಹಾಸಾದ ಸುತ್ತಿನಲ್ಲಿ ಗಾಂಡೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ, ಸೆರಾ 1419ರಲ್ಲಿ ಸ್ಥಾಪಿತವಾದುವು. ಈ ಮೂರು ಹೆಸರುಗಳನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಇವು ಕರ್ನಾಟಕದ ಭೂಪಟದಲ್ಲಿ ಕಾಣಿಸಿಕೊಳ್ಳುವುವು. 1642ರಿಂದ ದಲೈ ಲಾಮಾ ಎಂಬ ಗುರುಗಳೇ ಮತಕ್ಕೂ ರಾಜ್ಯಕ್ಕೂ ಒಡೆಯರಾದರು.

ಆ ಭಾಷೆಯನ್ನು ಹೊರಗಿನ ಲೋಕಕ್ಕೆ ತಿಳಿಸಿದವರಲ್ಲಿ ಮಿಷನರಿಗಳೂ ಇದ್ದಾರೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತರು 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದುದು ನಮಗೆಲ್ಲ ತಿಳಿದಿದೆ. ಅದಕ್ಕೆ ಹದಿಮೂರು ವರ್ಷ ಮುಂಚೆ, 1881ರಲ್ಲಿ, ಲಾಹೌಲಿನ ಕೇಲಾಂಗಿನಲ್ಲಿ ಸೇವೆ ಮಾಡಿದ್ದ ಮೊರೇವಿಯನ್ ಮಿಷನ್ನಿನ ಯೆಷ್ಕೆ ಎಂಬವರ ಟಿಬೆಟನ್ ನಿಘಂಟು ಪ್ರಕಟವಾಯಿತು.

5. ಗೋಡೆಯೊಳಗಿನ ನಿಧಾನ

ಪರ್ವತಗಳ ಕೋಟೆಯು ಟಿಬೆಟನ್ನು ಕಾಯಿತೆಂಬುದು ನಿಜ; ಹೊರಗಿನ ಲೋಕವು ಬದಲಾದುದನ್ನು ಅದರಿಂದ ಮರೆಮಾಡಿತೆಂಬುದೂ ನಿಜ. ಚೀನದ ಮಂಚು ಚಕ್ರವರ್ತಿಗಳು ಹದಿನೆಂಟನೆಯ ಶತಮಾನದಿಂದ ಲ್ಹಾಸಾದಲ್ಲಿ ತಮ್ಮ ಪ್ರತಿನಿಧಿಗಳನ್ನು ಇಟ್ಟಿದ್ದರು. 1904ರಲ್ಲಿ ಯಂಗ್‌ಹಸ್ಬೆಂಡನ ನೇತೃತ್ವದ ಬ್ರಿಟಿಷ್ ಸೇನೆಯು ಲ್ಹಾಸಾಕ್ಕೆ ನುಗ್ಗಿತು. ಚೀನದಲ್ಲಿ ಚಕ್ರವರ್ತಿಗಳ ಆಳ್ವಿಕೆ ಮುಗಿದ ಮೇಲೆ, 1913ರಲ್ಲಿ ಹದಿಮೂರನೆಯ ದಲೈ ಲಾಮಾ ಅವರು ತಮ್ಮ ದೇಶವು ಸ್ವತಂತ್ರವೆಂದು ಸಾರಿದರು. ಮುಂದಿನ ಸುಮಾರು ನಲವತ್ತು ವರ್ಷ ಟಿಬೆಟು ತನ್ನ ಆಡಳಿತವನ್ನು ತಾನೇ ನಡಸಿಕೊಂಡಿತು. ಆದರೆ ಚೀನವು ಆ ಸ್ವಾತಂತ್ರ್ಯವನ್ನು ಒಪ್ಪಲಿಲ್ಲ. ಪ್ರಬಲ ರಾಷ್ಟ್ರಗಳು ಯಾವುವೂ ಅದನ್ನು ವಿಧ್ಯುಕ್ತವಾಗಿ ಮಾನ್ಯಮಾಡಲಿಲ್ಲ.

ಹದಿಮೂರನೆಯ ದಲೈ ಲಾಮಾ ಅವರು ಕಾಲದ ಗತಿಯನ್ನು ಅರಿತಿದ್ದರು. 1913ರಲ್ಲಿ ನಾಲ್ವರು ಹುಡುಗರನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಿದರು. ಅವರಲ್ಲಿ ಒಬ್ಬನು ವಿದ್ಯುಚ್ಛಕ್ತಿಯ ವಿದ್ಯೆಯನ್ನು ಕಲಿತು ಬಂದು ಲ್ಹಾಸಾದಲ್ಲಿ ಒಂದು ಚಿಕ್ಕ ಜಲವಿದ್ಯುತ್ ಕೇಂದ್ರವನ್ನು ಕಟ್ಟಿದನು. ಇನ್ನೊಬ್ಬನು ಗಣಿವಿದ್ಯೆಯನ್ನು ಕಲಿತು ಬಂದು ಚಿನ್ನವನ್ನು ಹುಡುಕಹೊರಟನು. ನೆಲವನ್ನು ಅಗೆದರೆ ಭೂದೇವತೆಗಳು ಮುನಿಯುವರೆಂದು ಸನ್ಯಾಸಿಗಳು ತಡೆದುದರಿಂದ ಅವನ ಕೆಲಸ ನಿಂತಿತು. 1923ರಲ್ಲಿ ಗ್ಯಾಂತ್ಸೆ ಎಂಬ ಪಟ್ಟಣದಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆಯಿತು. ಹೊಸ ವಿದ್ಯೆಯಿಂದ ಹಳೆಯ ಮರ್ಯಾದೆ ಕೆಡುವುದೆಂದು ಮಠಗಳವರು ವಿರೋಧಿಸಿದುದರಿಂದ 1926ರಲ್ಲಿ ಅದು ಮುಚ್ಚಿಹೋಯಿತು. ಹಳೆಯ ಟಿಬೆಟಿನಲ್ಲಿ ಭೂಮಿಯ ಹೆಚ್ಚಿನ ಪಾಲು ಮಠಗಳದೂ ಶ್ರೀಮಂತರದೂ ಆಗಿತ್ತು. ಅನೇಕ ರೈತರು ಒಡೆಯನ ನೆಲಕ್ಕೆ ಕಟ್ಟುಬಿದ್ದವರಾಗಿದ್ದರು. ಈ ಸಂಗತಿಗಳನ್ನು ಮುಚ್ಚಿಟ್ಟು ಆ ದೇಶವನ್ನು ಸ್ವರ್ಗವೆಂದು ವರ್ಣಿಸುವುದು ಚರಿತ್ರೆಯ ಪಾಠವಾಗಲಾರದು. ಲೋಕದ ಭಾಷೆಗಳನ್ನೂ ಕಾನೂನನ್ನೂ ಬಲ್ಲ ಯುವಕರು ಬೇಕಾದ ಸಮಯವು ಬಂದಾಗ, ಅಂಥವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಇದ್ದರು.

6. ವಿಪ್ಲವ

1949ರಲ್ಲಿ ಚೀನದಲ್ಲಿ ಕಮ್ಯೂನಿಸ್ಟ್ ಸರಕಾರವು ಸ್ಥಾಪಿತವಾಯಿತು. 1950ರ ಅಕ್ಟೋಬರಿನಲ್ಲಿ ಅದರ ಸೇನೆಯು ಪೂರ್ವದ ಚಾಮ್ಡೋ ಪಟ್ಟಣವನ್ನು ಹಿಡಿಯಿತು. 1935ರಲ್ಲಿ ಹುಟ್ಟಿದ ಹದಿನಾಲ್ಕನೆಯ ದಲೈ ಲಾಮಾ ಅವರಿಗೆ ಆಗ ಹದಿನೈದು ವರ್ಷ. ನಮ್ಮ ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು ಅದು. ಆ ವಯಸ್ಸಿನಲ್ಲಿ ರಾಜ್ಯಭಾರವು ಅವರ ಕೈಗೆ ಬಂದಿತು. ಸಂಯುಕ್ತ ರಾಷ್ಟ್ರ ಸಂಸ್ಥೆಯಲ್ಲಿ ಅವರ ಪರವಾಗಿ ಪ್ರಶ್ನೆಯೆತ್ತಿದುದು ಎಲ್ ಸಾಲ್ವಡಾರ್ ಎಂಬ ದೂರದ ಚಿಕ್ಕ ದೇಶ. ಚರ್ಚೆಯನ್ನು ಮುಂದಕ್ಕೆ ಹಾಕಿದರು.

1951ರ ಮೇ 23ರಂದು ಪೀಕಿಂಗಿನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ರುಜುವಾಯಿತು. ಟಿಬೆಟು ಚೀನಕ್ಕೆ ಸೇರಿದುದೆಂದೂ, ಅಲ್ಲಿನ ಮತವನ್ನೂ ಆಡಳಿತಕ್ರಮವನ್ನೂ ಬದಲಾಯಿಸುವುದಿಲ್ಲವೆಂದೂ ಅದರಲ್ಲಿ ಬರೆದಿತ್ತು. ಬಲಾತ್ಕಾರದಿಂದ ರುಜು ಹಾಕಿಸಿದರೆಂದು ಟಿಬೆಟನ್ನರು ಹೇಳುವರು. ದಾಸ್ಯದಲ್ಲಿದ್ದ ರೈತರನ್ನು ಬಿಡಿಸಿ, ರಸ್ತೆ, ಆಸ್ಪತ್ರೆ, ಶಾಲೆಗಳನ್ನು ತಂದೆವೆಂದು ಚೀನದ ಸರಕಾರವು ಹೇಳುವುದು. 1954ರ ಕೊನೆಯಲ್ಲಿ ಚೀನದಿಂದ ಲ್ಹಾಸಾಕ್ಕೆ ಎರಡು ದೊಡ್ಡ ಮೋಟಾರು ರಸ್ತೆಗಳು ತೆರೆದುವು. ಅದರೊಡನೆ ಪರ್ವತಗಳ ಕಾವಲು ಮುಗಿಯಿತೆಂದು ಹೇಳಬಹುದು. ತಿಂಗಳುಗಟ್ಟಲೆ ನಡೆಯಬೇಕಾಗಿದ್ದ ದಾರಿಯಲ್ಲಿ ಸೇನೆಯೂ ಸಾಮಗ್ರಿಯೂ ದಿನಗಳಲ್ಲಿ ತಲಪುವಂತಾಯಿತು.

ಪೂರ್ವದ ಖಾಮ್ ಮತ್ತು ಆಮ್ಡೋ ಸೀಮೆಗಳಲ್ಲಿ 1956ರ ಹೊತ್ತಿಗೆ ದಂಗೆಗಳೆದ್ದುವು. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರನ್ನು ಚೀನೀ ಸೇನಾ ಶಿಬಿರಕ್ಕೆ ನಾಟಕ ನೋಡಲು ಕರೆದರು. ಅವರನ್ನು ಒಯ್ದುಬಿಡುವರೆಂಬ ಭಯದಿಂದ ಮಾರ್ಚಿ 10ರಂದು ಸಹಸ್ರಾರು ಜನರು ಅವರ ನೋರ್ಬುಲಿಂಗ್ಕಾ ಅರಮನೆಯನ್ನು ಸುತ್ತುವರಿದು ನಿಂತರು. ಮಾರ್ಚಿ 12ರಂದು ಲ್ಹಾಸಾದ ಹೆಂಗಸರು ತಾವೇ ಗುಂಪುಗೂಡಿ ಪೊಟಾಲಾ ಅರಮನೆಯ ಬುಡದಲ್ಲಿ ಸೇರಿ ಸ್ವಾತಂತ್ರ್ಯವನ್ನು ಸಾರಿದರು. ಮಾರ್ಚಿ 17ರ ರಾತ್ರಿ ದಲೈ ಲಾಮಾ ಅವರು ಸಿಪಾಯಿಯ ವೇಷದಲ್ಲಿ ಅರಮನೆಯನ್ನು ಬಿಟ್ಟರು. ಮೂರು ದಿನದ ಮೇಲೆ ಅದರ ಮೇಲೆ ಫಿರಂಗಿಗಳ ಗುಂಡು ಬಿದ್ದಿತು. ಮಾರ್ಚಿ 31ರಂದು ಅವರು ತವಾಂಗಿನ ದಿಕ್ಕಿನಿಂದ ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಸುಮಾರು 80,000 ಮಂದಿ ಹಿಮಾಲಯದ ಕಣಿವೆಗಳನ್ನು ದಾಟಿ ಬಂದರು.

ಅಲ್ಲಿಯೇ ಉಳಿದವರ ಕಥೆಯೂ ಕಠಿಣವಾದುದೇ. 1965ರಲ್ಲಿ ಚೀನವು ಮಧ್ಯಭಾಗವನ್ನು ಟಿಬೆಟ್ ಸ್ವಾಯತ್ತ ಪ್ರದೇಶವೆಂದು ಹೆಸರಿಸಿತು. ಉಳಿದ ಭಾಗಗಳು ನೆರೆಯ ಚೀನೀ ಪ್ರಾಂತಗಳಲ್ಲಿ ಸೇರಿವೆ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಠಗಳೂ ಗ್ರಂಥಗಳೂ ಅಪಾರವಾಗಿ ನಾಶವಾದುವು. 2006ರಲ್ಲಿ ರೈಲು ಲ್ಹಾಸಾವನ್ನು ಮುಟ್ಟಿತು. 2008ರಲ್ಲಿ ಮತ್ತೆ ದೊಡ್ಡ ಗಲಭೆಗಳಾದುವು. 2023ರಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆಯ ತಜ್ಞರು, ಸುಮಾರು ಹತ್ತು ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರದ ವಸತಿಶಾಲೆಗಳಲ್ಲಿ ಚೀನೀ ಭಾಷೆಯ ಮೂಲಕವೇ ಓದುವಂತಾಗಿ ತಮ್ಮ ಭಾಷೆಯನ್ನು ಕಳೆದುಕೊಳ್ಳುವರೆಂದು ಕಳವಳವನ್ನು ತಿಳಿಸಿದರು. ಚೀನವು ಈ ಮಾತನ್ನು ಅಲ್ಲಗಳೆಯಿತು. ಶಾಲೆಯು ಮಗುವಿಗೆ ಕೊಡುವ ಶಕ್ತಿಯೂ ಮಗುವಿನಿಂದ ಕಿತ್ತುಕೊಳ್ಳುವ ಶಕ್ತಿಯೂ ಉಳ್ಳದ್ದೆಂಬುದನ್ನು ಉಪಾಧ್ಯಾಯರಾದ ನಾವು ಇಲ್ಲಿ ನಿಂತು ಆಲೋಚಿಸಬೇಕು.

7. ಮೈಸೂರು ಸೀಮೆಯಲ್ಲಿ ನೆಲೆ

ಗಡಿ ದಾಟಿ ಬಂದವರನ್ನು ಮೊದಲು ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಶಿಬಿರಗಳಲ್ಲಿ ಇಟ್ಟರು. ಹಿಮದ ಸೀಮೆಯಿಂದ ಬಂದವರಿಗೆ ತಗ್ಗಿನ ಸೆಕೆಯೂ ಹೊಸ ರೋಗಗಳೂ ಮೃತ್ಯುವಾಗಿ ಪರಿಣಮಿಸಿದುವು. ಎಷ್ಟೋ ಮಂದಿ ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿಗೆ ಸೇರಿದರು. ಅವರಿಗೆ ನೆಲೆ ಕೊಡಬೇಕೆಂದು ಪ್ರಧಾನಮಂತ್ರಿ ನೆಹರೂ ಅವರು ರಾಜ್ಯಗಳನ್ನು ಕೇಳಿಕೊಂಡಾಗ, ಅಂದಿನ ಮೈಸೂರು ರಾಜ್ಯವು ಮುಂದೆ ಬಂದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತು. ಈ ವಿಷಯದಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

1960ರ ಕೊನೆಯಲ್ಲಿ ಮೊದಲನೆಯ ತಂಡವು ಬಂದಿತು. ಯಾಕ್ ಮೇಯಿಸಿದ ಕೈಗಳು ಬಿದಿರುಮೆಳೆಗಳನ್ನು ಕಡಿದುವು. ಡೇರೆಗಳಲ್ಲಿ ಮಲಗಿದವರ ಹತ್ತಿರಕ್ಕೆ ಕಾಡಾನೆಗಳು ಬಂದುವು. ಜವೆಗೋದಿಯನ್ನು ಬಿತ್ತಿದ್ದವರು ಮುಸುಕಿನ ಜೋಳವನ್ನು ಬಿತ್ತಲು ಕಲಿತರು. ಸಹಕಾರ ಸಂಘಗಳನ್ನು ಕಟ್ಟಿ ಬೆಳೆಯನ್ನು ಮಾರಿದರು. ಮಳೆಯ ಆಧಾರದ ಬೆಳೆಯು ಕಟಾವಾದ ಮೇಲೆ ಚಳಿಗಾಲದಲ್ಲಿ ಹೊಲದಲ್ಲಿ ಕೆಲಸವಿರುವುದಿಲ್ಲವಾದುದರಿಂದ, ಆ ತಿಂಗಳುಗಳಲ್ಲಿ ಪಟ್ಟಣಗಳಿಗೆ ಹೋಗಿ ಉಣ್ಣೆಯ ಅಂಗಿ ಮಾರುವ ವಾಡಿಕೆ ಬೆಳೆಯಿತು. ಬೈಲಕುಪ್ಪೆಯ ಬಳಿಕ ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಲ್ಲಿಯೂ, ಬೈಲಕುಪ್ಪೆಯಲ್ಲಿಯೇ ಎರಡನೆಯ ನೆಲೆಯು 1969ರಲ್ಲಿಯೂ, ಆಮೇಲೆ ಹುಣಸೂರಿನ ಗುರುಪುರದಲ್ಲಿಯೂ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿಯೂ ವಸತಿಗಳು ಏರ್ಪಟ್ಟುವು. ಸೆರಾ ಮಠವು ಬೈಲಕುಪ್ಪೆಯಲ್ಲಿ, ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳು ಮುಂಡಗೋಡದಲ್ಲಿ ಮತ್ತೆ ಎದ್ದು ನಿಂತುವು. ಲ್ಹಾಸಾದ ಸುತ್ತಲಿದ್ದ ಮೂರು ಮಹಾವಿದ್ಯಾಪೀಠಗಳೂ ಹೀಗೆ ಕನ್ನಡ ನಾಡಿನಲ್ಲಿ ನೆಲೆಗೊಂಡುವು.

ಇದರಿಂದ ನಮ್ಮವರಿಗೂ ಒಂದು ಉಪಕಾರವಾಯಿತು. ಟಿಬೆಟನ್ನರ ಪುನರ್ವಸತಿಗೆಂದು 1968ರಲ್ಲಿ ಮೈರಾಡ ಎಂಬ ಸಂಸ್ಥೆಯು ಮೈಸೂರು ಸೀಮೆಯಲ್ಲಿ ಹುಟ್ಟಿತು. ಆ ಕೆಲಸವು ಮುಗಿಯುತ್ತ ಬಂದಂತೆ ಅದು ಹಳ್ಳಿಗಳ ಬಡವರ ಕಡೆಗೆ ತಿರುಗಿ, ಸ್ವಸಹಾಯ ಸಂಘಗಳನ್ನು ಕಟ್ಟುವುದರಲ್ಲಿ ಮುಂದಾಳಾಯಿತು. ನಮ್ಮ ನೆರೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿಯೂ ಅದು ಕೆಲಸ ಮಾಡಿತು. ನಿರಾಶ್ರಿತರಿಗಾಗಿ ಕಲಿತ ಪಾಠವು ಕೋಲಾರ ಜಿಲ್ಲೆಯ ತಾಯಂದಿರ ಸಂಘಗಳಿಗೆ ಉಪಯೋಗಕ್ಕೆ ಬಂದಿತು.

8. ಮೊದಲು ಶಾಲೆ

ಗ್ಯಾಂತ್ಸೆಯ ಶಾಲೆಯನ್ನು ಮೂರೇ ವರ್ಷದಲ್ಲಿ ಮುಚ್ಚಿಸಿದ ಜನಾಂಗವು ಪರದೇಶದಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಶಾಲೆಗಳನ್ನು ತೆರೆದುದು. ರಸ್ತೆಯ ಕೂಲಿಗಳ ಶಿಬಿರದಿಂದ ತಂದ 51 ಮಕ್ಕಳೊಡನೆ 1960ರ ಮೇ 17ರಂದು ಧರ್ಮಶಾಲೆಯಲ್ಲಿ ಒಂದು ಶಿಶುಗೃಹವು ಆರಂಭವಾಯಿತು. ದಲೈ ಲಾಮಾ ಅವರ ಅಕ್ಕನವರಾದ ತ್ಸೆರಿಂಗ್ ಡೋಲ್ಮಾ ಅವರು ಅದರ ಹೊಣೆ ಹೊತ್ತರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿಯವರಾದ ಜೆತ್ಸುನ್ ಪೆಮಾ ಅವರು ಆ ಸ್ಥಾನಕ್ಕೆ ಬಂದು 2006ರವರೆಗೆ ಅದನ್ನು ನಡಸಿ, ಟಿಬೆಟನ್ ಮಕ್ಕಳ ಗ್ರಾಮವೆಂಬ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳಸಿದರು. ಬೈಲಕುಪ್ಪೆಯಲ್ಲಿಯೂ ಅದರ ಶಾಲೆಯುಂಟು. ಪೆಮಾ ಅವರು ಓದಿದುದು ಕಾಲಿಂಪಾಂಗ್ ಮತ್ತು ಡಾರ್ಜೀಲಿಂಗಿನ ಕ್ರೈಸ್ತ ಕಾನ್ವೆಂಟ್ ಶಾಲೆಗಳಲ್ಲಿ. ಕಾನ್ವೆಂಟಿನ ಸಿಸ್ಟರುಗಳಿಂದ ಪಡೆದ ವಿದ್ಯೆಯನ್ನು ಅವರು ತಮ್ಮ ಬೌದ್ಧ ಮಕ್ಕಳ ಸೇವೆಗೆ, ತಮ್ಮ ಭಾಷೆಯ ರಕ್ಷಣೆಗೆ ವಿನಿಯೋಗಿಸಿದರು. ಒಳ್ಳೆಯ ಶಾಲೆಯು ತನ್ನ ವಿದ್ಯಾರ್ಥಿನಿಯಿಂದ ಬಯಸತಕ್ಕದ್ದು ಇದನ್ನೇ ಎಂದು ನನ್ನ ನಂಬಿಕೆ. 1990ರಲ್ಲಿ ಅವರು ಟಿಬೆಟನ್ನರ ದೇಶಾಂತರ ಸರಕಾರದಲ್ಲಿ ಚುನಾಯಿತರಾದ ಮೊದಲನೆಯ ಮಹಿಳಾ ಮಂತ್ರಿಯಾದರು.

ಇನ್ನೊಂದು ಸಂಗತಿಯು ನಮ್ಮ ರಾಜ್ಯದಲ್ಲಿಯೇ ನಡೆಯಿತು. ಟಿಬೆಟನ್ ಮಠಗಳ ಅತ್ಯುನ್ನತ ಪದವಿಗೆ ಗೆಷೆ ಎಂದು ಹೆಸರು. ಹಳೆಯ ಟಿಬೆಟಿನಲ್ಲಿ ಇದು ಗಂಡಸರಿಗೆ ಮಾತ್ರ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ 20 ಮಂದಿ ಸನ್ಯಾಸಿನಿಯರಿಗೆ ಗೆಷೆಮಾ ಎಂಬ ಹೆಸರಿನಿಂದ ಆ ಪದವಿಯನ್ನು ಕೊಟ್ಟರು. ಅದಕ್ಕೆ ಮುಂಚೆ ಅವರು ಹದಿನೇಳು ವರ್ಷಗಳಿಗಿಂತ ಹೆಚ್ಚು ಕಾಲ ಓದಿ, ನಾಲ್ಕು ವರ್ಷ ಪರೀಕ್ಷೆಗಳಿಗೆ ಕುಳಿತಿದ್ದರು. ತಮ್ಮ ದೇಶದಲ್ಲಿ ಹೆಂಗಸರಿಗೆ ಇಲ್ಲದಿದ್ದ ಬಾಗಿಲು ಪರದೇಶದಲ್ಲಿ, ಉತ್ತರ ಕನ್ನಡದ ಒಂದು ತಾಲ್ಲೂಕಿನಲ್ಲಿ, ತೆರೆಯಿತು.

9. ಇಂದಿನ ಸ್ಥಿತಿಯೂ ನಮ್ಮ ಊರೂ

ಈ ವಸತಿಗಳ ಮುಂದೆ ಈಗ ಹೊಸ ಕಷ್ಟವಿದೆ. ನೆಲವು ಸರಕಾರದ್ದು, ಅವರದು ಅನುಭೋಗ ಮಾತ್ರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನಂತೆ ಜನ್ಮತಃ ಭಾರತದ ಪೌರರಾದರೂ, ಉಳಿದವರಲ್ಲಿ ಹೆಚ್ಚಿನವರು ವಿದೇಶೀಯರೆಂಬ ನೋಂದಣಿ ಪತ್ರವನ್ನು ಆಗಾಗ ನವೀಕರಿಸಿಕೊಂಡು ಬದುಕಬೇಕು. 2008ರ ಬಳಿಕ ಗಡಿ ದಾಟಿ ಬರುವವರು ಬಹಳ ಕಡಮೆಯಾದರು. ಓದಿದ ಯುವಕ ಯುವತಿಯರು ಯೂರೋಪಿಗೂ ಅಮೇರಿಕಕ್ಕೂ ಹೋಗುತ್ತಿದ್ದಾರೆ. ಮನೆಗಳಲ್ಲಿ ಮುದುಕರು ಉಳಿಯುತ್ತಾರೆ. ದಲೈ ಲಾಮಾ ಅವರು 2011ರಲ್ಲಿ ರಾಜ್ಯಾಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿದರು. 2025ರಲ್ಲಿ ತೊಂಬತ್ತು ವರ್ಷ ತುಂಬುವ ಹೊತ್ತಿಗೆ, ತಮ್ಮ ಪೀಠವು ಮುಂದುವರಿಯುವುದೆಂದೂ, ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಸಂಸ್ಥೆಗೇ ಸೇರಿದುದೆಂದೂ ಹೇಳಿದರು. ಆ ಹಕ್ಕು ತನ್ನದೆಂದು ಚೀನವು ವಾದಿಸುವುದು. ಅವರು ಬೇಡುವುದು ಪ್ರತ್ಯೇಕ ರಾಜ್ಯವನ್ನಲ್ಲ, ಚೀನದೊಳಗೆ ನಿಜವಾದ ಸ್ವಾಯತ್ತತೆಯನ್ನು ಎಂಬುದನ್ನೂ ತಿಳಿದಿರಬೇಕು.

ನಮ್ಮ ಗಣಿಯ ಊರಿಗೂ ಒಂದು ವಿಪ್ಲವವು ಬಂದಿತು. ಉತ್ತರ ಆರ್ಕಾಟು, ಚಿತ್ತೂರು ಮುಂತಾದ ಜಿಲ್ಲೆಗಳಿಂದ ಬಂದ ಮನೆತನಗಳು ತಲೆಮಾರುಗಳ ಕಾಲ ದುಡಿದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ನಮಗೆ ದೇಶವು ಹೋಗಲಿಲ್ಲ, ಪೌರತ್ವವು ಹೋಗಲಿಲ್ಲ. ಎರಡು ಕಷ್ಟಗಳನ್ನು ಸಮವೆಂದು ಹೇಳುವುದು ಸಲ್ಲದು. ಆದರೂ ಊರಿನ ಜೀವನಾಧಾರವು ಒಂದೇ ದಿನದಲ್ಲಿ ನಿಂತುಹೋದಾಗ ಮಕ್ಕಳಿಗೆ ಏನನ್ನು ಕೊಟ್ಟು ಕಳುಹಿಸಬೇಕೆಂಬ ಪ್ರಶ್ನೆಯು ಇಲ್ಲಿಯೂ ಮನೆಮನೆಯಲ್ಲಿ ಹುಟ್ಟಿತು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಸಾವಿರಾರು ಮಂದಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದ್ದಾರೆ. ಅವರಿಗೆ ಕೆಲಸವನ್ನು ದೊರಕಿಸಿಕೊಟ್ಟುದು ಅವರ ಓದು. ಮನೆಯಲ್ಲಿ ಕಷ್ಟವಿದೆಯೆಂದು ಹುಡುಗಿಯ ಓದನ್ನು ಒಂಬತ್ತನೆಯ ತರಗತಿಗೆ ನಿಲ್ಲಿಸಬೇಕೆನ್ನುವ ತಂದೆತಾಯಿಗಳು ಬೈಲಕುಪ್ಪೆಯನ್ನು ನೆನೆಯಬೇಕೆಂದು ಬೇಡುತ್ತೇನೆ. ಡೇರೆಯಲ್ಲಿ ಮಲಗಿದವರು, ನಾಳಿನ ಹಿಟ್ಟಿಗೆ ಕಲ್ಲು ಒಡೆದವರು, ಮಕ್ಕಳ ಶಾಲೆಯನ್ನು ನಾಳೆಗೆಂದು ಮುಂದೂಡಲಿಲ್ಲ.

ಬೈಲಕುಪ್ಪೆಯು ನಮ್ಮೂರಿಂದ ಸುಮಾರು 200 ಮೈಲಿ ದೂರ. ಮೈಸೂರಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಸಿಗುವುದು. ಬೇಸಗೆಯ ರಜೆಯಲ್ಲಿ ಕೊಡಗಿಗೆ ಹೋಗುವವರು ಅಲ್ಲಿಯ ಚಿನ್ನದ ಬಣ್ಣದ ದೇವಾಲಯವನ್ನು ನೋಡಿ ಚಿತ್ರ ತೆಗೆದುಕೊಂಡು ಬರುವರು. ಮುಂದೆ ಹೋದಾಗ ಹೊಲಗಳನ್ನೂ ಶಾಲೆಯನ್ನೂ ನೋಡಿರಿ, ಅಲ್ಲಿನ ಹಿರಿಯರೊಡನೆ ಎರಡು ಮಾತಾಡಿರಿ. ಅನೇಕರು ಕನ್ನಡವನ್ನು ಚೆನ್ನಾಗಿ ಬಲ್ಲರು.

ಪಾಠದ ಕೊನೆಯಲ್ಲಿ ಮಕ್ಕಳಿಗೆ ಮೂರು ಅಭ್ಯಾಸಗಳನ್ನು ಕೊಡುತ್ತೇನೆ. ಪೋಷಕರು ಕುಳಿತು ಮಾಡಿಸಬೇಕು. ಒಂದು: ಏಷ್ಯಾದ ಭೂಪಟದಲ್ಲಿ ಲ್ಹಾಸಾ, ಚಾಮ್ಡೋ, ತವಾಂಗ್, ಧರ್ಮಶಾಲೆಗಳನ್ನೂ, ಕರ್ನಾಟಕದ ಭೂಪಟದಲ್ಲಿ ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳನ್ನೂ ಗುರುತುಮಾಡಿ, ಜನರು ಬಂದ ದಾರಿಯನ್ನು ಎಳೆಯಿರಿ. ಎರಡು: ಟಿಬೆಟಿನಿಂದ ಹೊರಡುವ ಏಳು ನದಿಗಳ ಹೆಸರನ್ನು ಬರೆದು, ಪ್ರತಿಯೊಂದೂ ಯಾವ ಯಾವ ದೇಶಗಳಿಗೆ ನೀರು ಕೊಡುವುದೆಂದು ತಿಳಿಸಿರಿ. ಮೂರು: ನಿಮ್ಮ ಮನೆತನವು ಈ ಊರಿಗೆ ಯಾವಾಗ, ಎಲ್ಲಿಂದ, ಏಕೆ ಬಂದಿತೆಂದು ಅಜ್ಜಿತಾತಂದಿರನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆದು ತನ್ನಿರಿ. ಈ ಮೂರನೆಯ ಉತ್ತರವನ್ನು ಹಳೆಯ ವಿದ್ಯಾರ್ಥಿನಿಯರೂ ಬರೆದು ಕಳುಹಿಸಿದರೆ, ಶಾಲೆಯ ಭೂಗೋಳದ ಕೋಣೆಯಲ್ಲಿ ಅವನ್ನು ಜೋಪಾನವಾಗಿ ಇಡುವೆವು.